ಕೆಲಸದ ಜಾಗದಲ್ಲಿ ಎಲ್ಲರಿಗೂ ಎಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಉದ್ಯೋಗ ಸ್ಥಳಗಳಲ್ಲಿ ವೈವಿಧ್ಯ ಮತ್ತು ಎಲ್ಲರನ್ನೂ ಒಳಗೊಳ್ಳುವ ಕ್ರಮಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಮಾಲೀಕರವೂ ಇವೆ, ನೌಕರರವೂ ಇವೆ, ಸಿಟ್ಟಿನಿಂದ ಬರೆದವೂ ಇವೆ. ಕೆಲವನ್ನು ಆಯ್ದು ಉತ್ತರಿಸಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರು ಬಿಟ್ಟು ಊರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆ. 140 ಜನ ಕೆಲಸಗಾರರಲ್ಲಿ ಹೆಂಗಸರು ಒಂಬತ್ತು ಮಂದಿ. ಎಲ್ಲರೂ ಪ್ಯಾಕಿಂಗ್ ಮತ್ತು ಆಫೀಸಿನಲ್ಲಿದ್ದಾರೆ. ಜರ್ಮನಿಯ ಗ್ರಾಹಕ ಕಂಪನಿಯೊಂದು ನಮ್ಮ ವೈವಿಧ್ಯ ನೀತಿಯ ಪ್ರತಿ ಕೇಳಿದೆ. ಇಂಟರ್‌ನೆಟ್ಟಿನಿಂದ ಒಂದು ಮಾದರಿ ಇಳಿಸಿಕೊಂಡು ಸಹಿ ಹಾಕಿ ಕಳಿಸಿದರೆ ಸಾಲದೇ? ನಿಜವಾಗಿಯೂ ಏನಾದರೂ ಮಾಡಬೇಕೆಂದರೆ ಎಲ್ಲಿಂದ ಆರಂಭಿಸುವುದು?
(ಬೆಂಗಳೂರು)

ಉತ್ತರ: ಆ ಕಂಪನಿ ಸುಮ್ಮನೆ ಕೇಳಿರಲಾರದು. ಜರ್ಮನಿಯಲ್ಲಿ 2023ರ ಜನವರಿಯಿಂದ ಪೂರೈಕೆ ಸರಪಳಿಗೆ ಸಂಬಂಧಿಸಿದ ಕಾಯ್ದೆಯೊಂದು ಜಾರಿಯಲ್ಲಿದ್ದು, ಅಲ್ಲಿನ ದೊಡ್ಡ ಕಂಪನಿಗಳು ತಮಗೆ ಸರಕು ಒದಗಿಸುವವರಲ್ಲಿ ಬಾಲಕಾರ್ಮಿಕರಿದ್ದಾರೆಯೇ ಎಂಬುದರ ಜೊತೆಗೆ ಕೆಲಸದಲ್ಲಿ ತಾರತಮ್ಯ ನಡೆಯುತ್ತಿದೆಯೇ ಎಂಬುದನ್ನೂ ವಿಚಾರಿಸಬೇಕಾಗಿದೆ. ಇಂದು ಕಾಗದ ಕೇಳಿದವರು ನಾಳೆ ಕಾರ್ಖಾನೆಯನ್ನೇ ನೋಡಲು ಬಂದಾರು. ಅದಕ್ಕಿಂತ ಮೊದಲು ನಮ್ಮದೇ ಕಾನೂನು ನಿಮ್ಮಿಂದ ಏನು ಕೇಳುತ್ತದೆಂಬುದನ್ನು ಗಮನಿಸಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿರುವಲ್ಲಿ ಯಾವ ಹುದ್ದೆಗಳು ಅಂಗವಿಕಲರಿಗೆ ಹೊಂದುತ್ತವೆ, ಆಯ್ಕೆ ಹೇಗೆ ನಡೆಯುತ್ತದೆ, ಯಾವ ಸೌಲಭ್ಯ ಒದಗಿಸಲಾಗುತ್ತದೆ, ಇದನ್ನೆಲ್ಲ ನೋಡಿಕೊಳ್ಳುವ ಸಂಪರ್ಕಾಧಿಕಾರಿ ಯಾರು ಎಂಬುದೂ ಅದರಲ್ಲಿರಬೇಕು. 10 ಅಥವಾ ಹೆಚ್ಚು ನೌಕರರಿದ್ದರೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದಾಗಿದ್ದು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು ಮತ್ತು ಒಬ್ಬರು ಹೊರಗಿನವರಾಗಿರಬೇಕು. ಇವೆರಡೂ ಇಲ್ಲದೆ ಎಲ್ಲಿಯದೋ ಮಾದರಿಗೆ ಸಹಿ ಹಾಕುವುದೆಂದರೆ ಇಲ್ಲದ್ದನ್ನು ಇದೆಯೆಂದು ಬರೆದುಕೊಟ್ಟಂತೆ.

ಇನ್ನು ಆರಂಭದ ಮಾತು. ಯಂತ್ರದ ಮೇಲೆ ಒಬ್ಬ ಹೆಂಗಸೂ ಏಕಿಲ್ಲವೆಂದು ಪೀಣ್ಯದ ಯಾವ ಗೇಟಿನಲ್ಲಿ ಕೇಳಿದರೂ ಅರ್ಜಿಯೇ ಬರುವುದಿಲ್ಲ ಎಂಬ ಉತ್ತರ ಸಿಗುತ್ತದೆ. ಏಕೆ ಬರುವುದಿಲ್ಲ ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗಿ. ಬಹುಪಾಲು ಸಣ್ಣ ಕಾರ್ಖಾನೆಗಳಲ್ಲಿ ಜಾಗ ಖಾಲಿಯಾದರೆ ಸೂಪರ್‌ವೈಸರ್ ತನ್ನ ಕೆಳಗಿನವರಿಗೆ ನಿಮ್ಮ ಕಡೆ ಯಾರಾದರೂ ಹುಡುಗರಿದ್ದರೆ ಹೇಳಿ ಎನ್ನುತ್ತಾನೆ, ಹಾಗೆ ಬರುವವರು ಅದೇ ಊರಿನ, ಅದೇ ವಯಸ್ಸಿನ, ಹೆಚ್ಚಾಗಿ ಅದೇ ಜಾತಿಯ ಗಂಡುಮಕ್ಕಳೇ ಆಗಿರುತ್ತಾರೆ. ಮಹಿಳಾ ಐಟಿಐಗಳಿಗೆ ಅಪ್ರೆಂಟಿಸ್ ಬೇಕೆಂದು ಪತ್ರ ಬರೆದು ನೋಡಿ. ಅದಕ್ಕೆ ತಗಲುವುದು ಅಂಚೆ ಖರ್ಚಷ್ಟೇ. ಎರಡನೆಯದು ಪಾಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಹಣ ಉಳಿದಿರುವುದು ನಿಜ, ಆದರೆ ರಾತ್ರಿ ಹತ್ತೂವರೆಗೆ ಪಾಳಿ ಬಿಡುವ ಹೊತ್ತಿಗೆ ಅವರ ಬಡಾವಣೆಯ ಕಡೆ ಬಸ್ಸೇ ಇಲ್ಲದಿದ್ದರೆ ಆ ಉಳಿತಾಯದಿಂದ ಪ್ರಯೋಜನವಿಲ್ಲ. ಸಂಜೆ ಐದಕ್ಕೆ ಇವತ್ತು ಓಟಿ ಇದೆ ಎಂದು ಹೇಳುವ ಅಭ್ಯಾಸ ಇನ್ನೂ ಕೆಟ್ಟದ್ದು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದವರು ಅದನ್ನು ಒಪ್ಪುವಂತಿಲ್ಲ, ಒಪ್ಪದವರಿಗೆ ಬಡ್ತಿ ಸಿಗುವುದಿಲ್ಲ. ಓಟಿಯನ್ನು ಹಿಂದಿನ ದಿನವೇ ತಿಳಿಸುವುದೆಂಬ ಒಂದು ನಿಯಮ ಗೋಡೆಗೆ ಅಂಟಿಸಿದ ಹತ್ತು ಘೋಷಣೆಗಳಿಗಿಂತ ಹೆಚ್ಚು ಜನರನ್ನು ಉಳಿಸಿಕೊಳ್ಳುತ್ತದೆ. ಶೌಚಾಲಯ ಎಷ್ಟು ದೂರದಲ್ಲಿದೆ, ಅಲ್ಲಿಗೆ ಹೋಗಲು ಸೂಪರ್‌ವೈಸರನ ಅಪ್ಪಣೆ ಬೇಕೇ ಎಂಬುದನ್ನು ನೀವೇ ನಡೆದು ನೋಡಿ. ಯಂತ್ರದ ವಿಭಾಗಕ್ಕೆ ಸೇರಿಸುವಾಗ ಒಬ್ಬಳನ್ನೇ ಸೇರಿಸಬೇಡಿ; ಐವತ್ತು ಗಂಡಸರ ನಡುವೆ ಒಬ್ಬಳೇ ಇದ್ದರೆ ಆಕೆಯ ಪ್ರತಿ ತಪ್ಪೂ ಹೆಣ್ಣಿನ ತಪ್ಪಾಗಿ ಎಣಿಕೆಯಾಗುತ್ತದೆ. ನಾಲ್ಕೈದು ಜನರನ್ನು ಒಟ್ಟಿಗೆ, ಒಂದೇ ಪಾಳಿಗೆ ತೆಗೆದುಕೊಳ್ಳಿ. ವರ್ಷದ ಕೊನೆಯಲ್ಲಿ ಎಷ್ಟು ಜನ ಸೇರಿದರು ಎಂಬುದಕ್ಕಿಂತ ಯಾರು ಬಿಟ್ಟುಹೋದರು, ಎಷ್ಟು ತಿಂಗಳಿಗೆ, ಯಾವ ಸೂಪರ್‌ವೈಸರನ ಕೈಕೆಳಗಿನಿಂದ ಎಂದು ಲೆಕ್ಕ ತೆಗೆಯಿರಿ. ಜರ್ಮನಿಯವರಿಗೆ ಕಳಿಸಬೇಕಾದ ನೀತಿ ಆ ಲೆಕ್ಕದಿಂದ ತಾನಾಗಿ ಹುಟ್ಟುತ್ತದೆ.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವಳು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೇನೆ. ಮೀಟಿಂಗ್ ಇಂಗ್ಲಿಷಿನಲ್ಲಿ ಆರಂಭವಾಗಿ ಐದು ನಿಮಿಷಕ್ಕೆ ಹಿಂದಿಗೆ ತಿರುಗುತ್ತದೆ. ನನಗೆ ಹಿಂದಿ ಅರ್ಥವಾಗುವುದಿಲ್ಲ. ಅಪ್ರೈಸಲ್‌ನಲ್ಲಿ ‘ಮೀಟಿಂಗ್‌ನಲ್ಲಿ ಮಾತಾಡುವುದಿಲ್ಲ’ ಎಂದು ಬರೆದಿದ್ದಾರೆ. ನನ್ನದೇ ರಾಜ್ಯದಲ್ಲಿ ಹೀಗಾದರೆ ಹೇಗೆ?
(ಬೆಂಗಳೂರು)

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲಿರುವ ನೋವು ಹೊಸದಲ್ಲ. 1983ರಲ್ಲಿ ರಾಜ್ಯ ಸರ್ಕಾರ ಸರೋಜಿನಿ ಮಹಿಷಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿದ್ದೂ, ಆ ಸಮಿತಿ 58 ಶಿಫಾರಸುಗಳನ್ನು ಕೊಟ್ಟದ್ದೂ ಕನ್ನಡಿಗರಿಗೆ ಇಲ್ಲಿನ ಉದ್ಯೋಗಗಳಲ್ಲಿ ಪಾಲು ಸಿಗುತ್ತಿಲ್ಲವೆಂಬ ಕಾರಣಕ್ಕೇ. 2024ರ ಜುಲೈನಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಗಳಿಂದ ವಿರೋಧ ಬಂದ ಒಂದೆರಡು ದಿನಗಳಲ್ಲೇ ಅದನ್ನು ತಡೆಹಿಡಿಯಿತು. ಆ ಚರ್ಚೆ ಮುಂದುವರಿಯಲಿ. ಆದರೆ ನಿಮ್ಮ ಕಷ್ಟ ಶೇಕಡಾವಾರು ಲೆಕ್ಕಕ್ಕೆ ಸಿಗುವಂಥದ್ದಲ್ಲ. ನಿಮಗೆ ಕೆಲಸ ಸಿಕ್ಕಿದೆ. ಒಳಗೆ ಬಂದ ಮೇಲೆ ಮಾತು ನಡೆಯುವ ಭಾಷೆ ನಿಮ್ಮನ್ನು ಹೊರಗಿಟ್ಟಿದೆ. ಅದರ ಪರಿಣಾಮವನ್ನು ನಿಮ್ಮ ಸ್ವಭಾವದ ದೋಷವೆಂದು ದಾಖಲಿಸಿರುವುದೇ ಇಲ್ಲಿ ದೊಡ್ಡ ಅನ್ಯಾಯ.

ಮಾಡಬಹುದಾದದ್ದು ಹೀಗಿದೆ. ಅಪ್ರೈಸಲ್‌ಗೆ ಲಿಖಿತ ಪ್ರತಿಕ್ರಿಯೆ ನೀಡಲು ಅವಕಾಶವಿದ್ದರೆ ಬಿಡಬೇಡಿ. ಯಾವ ದಿನಗಳ ಮೀಟಿಂಗ್ ಹಿಂದಿಯಲ್ಲಿ ನಡೆಯಿತು, ಯಾವ ನಿರ್ಧಾರ ನಿಮಗೆ ತಿಳಿಯದೆ ಹೋಯಿತು ಎಂದು ದೂರಿನ ದನಿಯಿಲ್ಲದೆ ಬರೆಯಿರಿ. ಮುಂದಿನ ಮೀಟಿಂಗ್‌ನಲ್ಲಿ ಮಾತು ತಿರುಗಿದ ಕ್ಷಣಕ್ಕೇ, ನನಗೆ ಹಿಂದಿ ತಿಳಿಯುವುದಿಲ್ಲ, ಇಂಗ್ಲಿಷಿನಲ್ಲೇ ಮುಂದುವರಿಸೋಣ ಎಂದು ಹೇಳಿ. ಮೊದಲ ಸಲ ಗಂಟಲು ಕಟ್ಟಬಹುದು, ಆದರೆ ನಿಮ್ಮ ತಂಡದಲ್ಲಿ ತಮಿಳುನಾಡಿನವರೋ ಕೇರಳದವರೋ ಇದ್ದರೆ ನಿಮ್ಮ ಬೆನ್ನಿಗೆ ನಿಲ್ಲುತ್ತಾರೆ. ಈ ಪತ್ರವನ್ನು ಓದುತ್ತಿರುವ ಮ್ಯಾನೇಜರ್‌ಗಳಿಗೆ ಒಂದು ಮಾತು: ಚರ್ಚೆಯ ವಿಷಯಗಳನ್ನು ಹಿಂದಿನ ದಿನ ಬರಹದಲ್ಲಿ ಕಳಿಸಿ, ತೀರ್ಮಾನಗಳನ್ನು ಅದೇ ದಿನ ಬರೆದು ಹಂಚಿ, ಪ್ರತಿಯೊಬ್ಬರಿಗೂ ಸರದಿಯಲ್ಲಿ ಮಾತು ಕೊಡಿ. ತಡವರಿಸಿ ಮಾತಾಡುವವರು ಬರಹದಲ್ಲಿ ಎಷ್ಟು ಸ್ಪಷ್ಟವಾಗಿರುತ್ತಾರೆಂಬುದು ಆಗ ತಿಳಿಯುತ್ತದೆ. ಅಂದಹಾಗೆ, ಎಲ್ಲರೂ ಕನ್ನಡಿಗರಿದ್ದು ಒಬ್ಬನೇ ಒಡಿಶಾದ ಹುಡುಗನಿರುವ ತಂಡದಲ್ಲಿ ಕೆಲಸದ ಮಾತನ್ನು ಕನ್ನಡದಲ್ಲೇ ಮುಗಿಸಿದರೆ ಅವನಿಗೂ ಆಗುವುದು ಇದೇ. ಊಟದ ಹೊತ್ತಿನಲ್ಲಿ ಯಾವ ಭಾಷೆ ಆಡಿದರೂ ತಪ್ಪಿಲ್ಲ, ಅವನಿಗೆ ನಾಲ್ಕು ಕನ್ನಡದ ಮಾತು ಕಲಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನನಗೆ ದೃಷ್ಟಿ ತೀರ ಮಂದ. ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದೇನೆ. ಕಡತಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ, ನನ್ನ ಕಂಪ್ಯೂಟರಿನ ಸ್ಕ್ರೀನ್ ರೀಡರ್ ಅವನ್ನು ಓದುವುದಿಲ್ಲ. ಟೈಪ್ ಮಾಡಿದ ಪ್ರತಿ ಕೇಳಿದರೆ ಕಾರ್ಯದರ್ಶಿಯವರು ‘ಒಬ್ಬರಿಗೆ ವಿನಾಯಿತಿ ಕೊಟ್ಟರೆ ಎಲ್ಲರೂ ಕೇಳುತ್ತಾರೆ’ ಎನ್ನುತ್ತಾರೆ. ಸಹಕಾರ ಸಂಘಕ್ಕೆ ಅಂಗವಿಕಲರ ಕಾಯ್ದೆ ಅನ್ವಯಿಸುವುದೇ?
(ಶಿವಮೊಗ್ಗ)

ಉತ್ತರ: ಅನ್ವಯಿಸುತ್ತದೆ. 2016ರ ಕಾಯ್ದೆಯು ಖಾಸಗಿ ಸಂಸ್ಥೆ ಎಂಬುದನ್ನು ವಿವರಿಸುವಾಗ ಕಂಪನಿ, ಕಾರ್ಖಾನೆಗಳ ಜೊತೆ ಸಹಕಾರ ಸಂಘವನ್ನೂ ಹೆಸರಿಸಿದೆ. 1995ರ ಹಳೆಯ ಕಾಯ್ದೆ ಏಳು ಬಗೆಯ ಅಂಗವಿಕಲತೆಗಳನ್ನಷ್ಟೇ ಗುರುತಿಸಿತ್ತು, ಹೊಸದು 21ನ್ನು ಗುರುತಿಸುತ್ತದೆ. ಮಂದದೃಷ್ಟಿ ಎರಡರಲ್ಲೂ ಇದೆ. ನೀವು ಕೇಳುತ್ತಿರುವುದನ್ನು ಕಾಯ್ದೆ ಸಮಂಜಸ ಹೊಂದಾಣಿಕೆ ಎನ್ನುತ್ತದೆ: ಸಂಸ್ಥೆಯ ಮೇಲೆ ಅತಿಯಾದ ಹೊರೆ ಬೀಳದಂತೆ, ಅಂಗವಿಕಲರು ಇತರರಿಗೆ ಸಮನಾಗಿ ಕೆಲಸ ಮಾಡಲು ಅಗತ್ಯವಾದ ಮಾರ್ಪಾಡು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ನಾಗರಿಕ ಸೇವಾ ಪರೀಕ್ಷೆಯಲ್ಲಿ ಬರೆಯುವವರ ನೆರವು ಕೇಳಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಈ ತತ್ವವನ್ನು ವಿಸ್ತಾರವಾಗಿ ವಿವರಿಸಿ, ಇಂಥ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯವಾಗುತ್ತದೆ ಎಂದು ಹೇಳಿದೆ.

ಕಾರ್ಯದರ್ಶಿಯವರಿಗೆ ತಾಂತ್ರಿಕ ಸಂಗತಿಯೊಂದನ್ನು ತಿಳಿಸಿದರೆ ಅರ್ಧ ಜಗಳ ಮುಗಿದೀತು. ಕಾಗದವನ್ನು ಸ್ಕ್ಯಾನ್ ಮಾಡಿದಾಗ ಕಂಪ್ಯೂಟರಿಗೆ ಸಿಗುವುದು ಅಕ್ಷರಗಳ ಚಿತ್ರ. ಓದಿ ಹೇಳುವ ತಂತ್ರಾಂಶಕ್ಕೆ ಚಿತ್ರ ಕಾಣುವುದಿಲ್ಲ, ಅಕ್ಷರವೇ ಬೇಕು. ಆ ಪತ್ರವನ್ನು ಮೊದಲಿಗೆ ಯಾರೋ ಟೈಪ್ ಮಾಡಿಯೇ ಮುದ್ರಿಸಿರುತ್ತಾರಾದ್ದರಿಂದ ಮೂಲ ಕಡತವನ್ನು ಇಮೇಲಿನಲ್ಲಿ ಲಗತ್ತಿಸಿದರೆ ಸಾಕು, ಯಾರಿಗೂ ಹೆಚ್ಚುವರಿ ಕೆಲಸವಿಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳನ್ನು ಮಾತ್ರ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಕೋರಿಕೆಯನ್ನು ಅಂಗವಿಕಲತೆಯ ಪ್ರಮಾಣಪತ್ರದ ಪ್ರತಿಯೊಂದಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಗಲೂ ಕದಲದಿದ್ದರೆ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಸಲ್ಲಿಸಬಹುದು. ಎಲ್ಲರೂ ಕೇಳುತ್ತಾರೆಂಬ ಮಾತಿಗೆ ಹೇಳುವುದಾದರೆ, ಕೇಳಲಿ: ಹುಡುಕಿದರೆ ಸಿಗುವಂಥ ಕಡತ ಸಂಘದ ಎಲ್ಲರಿಗೂ ಬೇಕಾದದ್ದೇ.

ಪ್ರಶ್ನೆ: ವೈವಿಧ್ಯದ ಹೆಸರಿನಲ್ಲಿ ಅರ್ಹತೆಯನ್ನು ಬಲಿಕೊಡುವುದು ಸರಿಯೇ? ಯೋಗ್ಯರಾದವರನ್ನು ತೆಗೆದುಕೊಂಡರೆ ಸಾಕಲ್ಲವೇ?
(ಮಂಗಳೂರು)

ಉತ್ತರ: ಯೋಗ್ಯರನ್ನೇ ತೆಗೆದುಕೊಳ್ಳಬೇಕು. ಈಗ ಹಾಗೆ ನಡೆಯುತ್ತಿದೆ ಎಂಬ ನಂಬಿಕೆಯ ಬಗ್ಗೆ ನನಗೆ ತಕರಾರಿದೆ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗದ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಕಳಿಸಲಾಗಿತ್ತು, ಬೇರೆಯಾಗಿದ್ದದ್ದು ಹೆಸರು. ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿದಾರರಿಗೆ ಸಂದರ್ಶನದ ಕರೆ ಬರುವ ಸಂಭವ ಮೇಲ್ಜಾತಿಯ ಹೆಸರಿನವರಿಗಿಂತ ಕಡಿಮೆಯಿತ್ತು. ಅಲ್ಲಿ ಬಲಿಯಾದದ್ದು ಅರ್ಹತೆಯೇ ತಾನೇ? ಕಂಪನಿಗಳಲ್ಲಿ ರೆಫರಲ್ ಮೂಲಕ ತುಂಬುವ ಹುದ್ದೆಗಳನ್ನೂ ಯೋಚಿಸಿ: ನಮ್ಮ ಕಾಲೇಜಿನವರು ನಮ್ಮ ಕಾಲೇಜಿನವರನ್ನು ಕರೆತಂದಾಗ ಅದನ್ನು ಯಾರೂ ಮೀಸಲಾತಿ ಎನ್ನುವುದಿಲ್ಲ. ಅರ್ಹತೆಯ ಬಗ್ಗೆ ನಿಮಗೆ ನಿಜವಾದ ಕಾಳಜಿಯಿದ್ದರೆ ಪ್ರತಿ ಅಭ್ಯರ್ಥಿಗೂ ಒಂದೇ ಪ್ರಶ್ನೆಗಳನ್ನು ಕೇಳಿ, ಅಂಕಗಳನ್ನು ಪರಸ್ಪರ ಚರ್ಚಿಸುವ ಮೊದಲೇ ಬರೆದಿಡುವ ಪದ್ಧತಿಯನ್ನು ನಿಮ್ಮ ಕಚೇರಿಯಲ್ಲಿ ತನ್ನಿ.

ಪ್ರಶ್ನೆ: ನಾನು ದಲಿತ. ಹೊಸ ಆಫೀಸಿಗೆ ಸೇರಿದ ವಾರದಲ್ಲೇ ಊರು ಯಾವುದು, ಮನೆದೇವರು ಯಾವುದು, ನಿಮ್ಮಲ್ಲಿ ಮಾಂಸ ತಿನ್ನುತ್ತೀರಾ ಎಂಬ ಪ್ರಶ್ನೆಗಳು ಬಂದವು. ಈಗ ಊಟಕ್ಕೆ ನನ್ನ ಮೇಜಿಗೆ ಯಾರೂ ಬರುವುದಿಲ್ಲ. ಬೈಗುಳವಿಲ್ಲ, ಗಲಾಟೆಯಿಲ್ಲ. ಇದನ್ನು ದೂರು ಎಂದು ಹೇಗೆ ಕೊಡಲಿ?
(ಹುಬ್ಬಳ್ಳಿ)

ಉತ್ತರ: ಜಾತಿ ತಿಳಿಯಲು ಜಾತಿ ಕೇಳಬೇಕಾಗಿಲ್ಲವೆಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಮನೆದೇವರು, ಮದುವೆಯ ಊಟ, ಅಜ್ಜನ ಕಸುಬು, ಕೊನೆಗೆ ನಿಮ್ಮ ಮನೆ ಊರಲ್ಲಿ ಯಾವ ಕಡೆ ಎಂಬ ಪ್ರಶ್ನೆ. ಅಮೆರಿಕಕ್ಕೆ ಹೋದರೂ ಈ ಪ್ರಶ್ನಾವಳಿ ಬಿಡುವುದಿಲ್ಲ. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸುವ ಕಾನೂನು ತಂದದ್ದು ಅಲ್ಲಿನ ಸಾಫ್ಟ್‌ವೇರ್ ಉದ್ಯಮದಲ್ಲಿ ತುಂಬಿರುವ ನಮ್ಮವರ ನಡುವಿನ ಈ ನಡವಳಿಕೆಯನ್ನು ಗಮನದಲ್ಲಿಟ್ಟೇ.

ಕಾನೂನಿನ ಸ್ಥಿತಿಯನ್ನು ಮುಚ್ಚಿಡದೆ ಹೇಳುತ್ತೇನೆ. ಇತರರ ಎದುರು ಜಾತಿಯ ಹೆಸರು ಹಿಡಿದು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ನಿಮ್ಮ ನೆರವಿಗಿದೆ. ಕುಡಿಯುವ ನೀರಿಗೋ ಲೋಟಕ್ಕೋ ನಿಮ್ಮನ್ನು ಬೇರೆ ಮಾಡಿದರೆ ಅದು ಸಂವಿಧಾನದ 17ನೇ ವಿಧಿ ನಿಷೇಧಿಸಿದ ಅಸ್ಪೃಶ್ಯತೆಯ ಆಚರಣೆ. ಆದರೆ ಪಕ್ಕದಲ್ಲಿ ಬಂದು ಕೂರದವರನ್ನು ಯಾವ ಕಾಯ್ದೆಯೂ ಎಳೆದು ತಂದು ಕೂರಿಸುವುದಿಲ್ಲ. ಖಾಸಗಿ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳಕ್ಕೆ ಇರುವಂತೆ ಜಾತಿ ತಾರತಮ್ಯಕ್ಕೆ ಕಡ್ಡಾಯ ಸಮಿತಿಯೂ ಇಲ್ಲ, ಇದು ನಮ್ಮ ಕಾನೂನಿನ ದೊಡ್ಡ ಕೊರತೆಯೆಂದೇ ನಾನು ಭಾವಿಸುತ್ತೇನೆ. ಆದ್ದರಿಂದ ಊಟದ ಮೇಜಿಗಿಂತ ಕೆಲಸದ ಮೇಜನ್ನು ಗಮನಿಸಿ. ಊಟಕ್ಕೆ ಒಟ್ಟಿಗೆ ಕೂರುವವರ ನಡುವೆಯೇ ಹೊಸ ಪ್ರಾಜೆಕ್ಟಿನ ಸುದ್ದಿ ಓಡಾಡುತ್ತದೆ, ಯಾರನ್ನು ಪ್ರವಾಸಕ್ಕೆ ಕಳಿಸುವುದು, ಯಾರ ಹೆಸರನ್ನು ಬಡ್ತಿಗೆ ಹೇಳುವುದು ಎಂಬುದೂ ಅಲ್ಲೇ ಪಕ್ವವಾಗುತ್ತದೆ. ನಿಮಗೆ ತಲುಪದ ಮಾಹಿತಿ, ನಿಮ್ಮನ್ನು ಬಿಟ್ಟು ಹಂಚಿದ ಕೆಲಸ, ಕರೆಯದ ಸಭೆ ಇವನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಂಡು ಎಚ್‌ಆರ್ ಮುಂದೆ ಇಡಿ. ಅದಕ್ಕೆ ಅವರು ಉತ್ತರ ಕೊಡಲೇಬೇಕಾಗುತ್ತದೆ. ಎಚ್‌ಆರ್‌ನವರಿಗೂ ಎರಡು ಸಲಹೆ: ನಿಮ್ಮ ನಡವಳಿಕೆ ಸಂಹಿತೆಯಲ್ಲಿ ಲಿಂಗ, ಧರ್ಮಗಳ ಜೊತೆ ಜಾತಿ ಎಂಬ ಪದವನ್ನೂ ಬರೆಯಿರಿ. ಕ್ಯಾಂಟೀನಿನಲ್ಲಿ ಮಾಂಸದ ಡಬ್ಬಿ ತರಬಾರದೆಂಬ ಫಲಕವಿದ್ದರೆ ಅದನ್ನು ಯಾರು, ಯಾವಾಗ, ಯಾರನ್ನು ಕೇಳಿ ಹಾಕಿದರೆಂದು ವಿಚಾರಿಸಿ ತೆಗೆಸಿ.

ಪ್ರಶ್ನೆ: 26 ವಾರ ಹೆರಿಗೆ ರಜೆ, ಈಗ ಮುಟ್ಟಿನ ರಜೆ. ಹೀಗಾದರೆ ನಮ್ಮಂಥ ಸಣ್ಣ ಉದ್ದಿಮೆಯವರು ಹೆಂಗಸರನ್ನು ತೆಗೆದುಕೊಳ್ಳುವುದನ್ನೇ ಬಿಡುವುದಿಲ್ಲವೇ?
(ತುಮಕೂರು)

ಉತ್ತರ: ನಿಮ್ಮ ಲೆಕ್ಕವನ್ನೊಮ್ಮೆ ಪರಿಶೀಲಿಸಿ. ತಿಂಗಳ ವೇತನ ₹21,000ದವರೆಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುವ ಕಾರ್ಮಿಕರಿಗೆ ಹೆರಿಗೆ ರಜೆಯ ಅವಧಿಯ ಹಣವನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ನೀವು ಪ್ರತಿ ತಿಂಗಳು ಕಟ್ಟುತ್ತಿರುವ ವಂತಿಗೆಯಲ್ಲಿ ಅದು ಸೇರಿದೆ, ರಜೆಯ ಸಂಬಳ ನಿಮ್ಮ ಗಲ್ಲಾಪೆಟ್ಟಿಗೆಯಿಂದ ಹೋಗುವುದಿಲ್ಲ. ಎಷ್ಟೋ ಮಾಲೀಕರು ಇದನ್ನು ತಿಳಿಯದೆಯೇ ಹೆದರಿರುತ್ತಾರೆ. ಅದಕ್ಕಿಂತ ಹೆಚ್ಚಿನ ಸಂಬಳದವರ ವಿಷಯದಲ್ಲಿ ಮಾತ್ರ ನಿಮ್ಮ ದೂರಿನಲ್ಲಿ ಹುರುಳಿದೆ: ಇಡೀ ವೆಚ್ಚವನ್ನು ಮಾಲೀಕನ ಮೇಲೆ ಹಾಕದೆ ಸರ್ಕಾರವೂ ಪಾಲು ಹೊರಬೇಕೆಂಬುದು ನನ್ನ ಅಭಿಪ್ರಾಯ. ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2025ರ ಅಕ್ಟೋಬರ್‌ನಲ್ಲಿ, ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ. ಬಿಹಾರ ತನ್ನ ಸರ್ಕಾರಿ ನೌಕರಿಯ ಮಹಿಳೆಯರಿಗೆ 1992ರಿಂದಲೇ ತಿಂಗಳಿಗೆ ಎರಡು ದಿನ ಕೊಡುತ್ತಿದೆ. ಯಾವ ರಜೆಯನ್ನೇ ಆಗಲಿ ಕೇಳುವಾಗ ಕಾರಣವನ್ನು ಸೂಪರ್‌ವೈಸರನ ಎದುರು ಬಾಯಿಬಿಟ್ಟು ಹೇಳಬೇಕಾದ ಸ್ಥಿತಿಯಿದ್ದರೆ ಅದನ್ನು ತಪ್ಪಿಸಿ, ಅಷ್ಟು ಸಾಕು.

ಪ್ರಶ್ನೆ: ನಮ್ಮ ಹೋಟೆಲಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರೊಬ್ಬರನ್ನು ಸ್ವಾಗತ ವಿಭಾಗಕ್ಕೆ ಸೇರಿಸಿಕೊಳ್ಳಬೇಕೆಂದಿದ್ದೇವೆ. ಸಂದರ್ಶನದಲ್ಲಿ ಚೆನ್ನಾಗಿ ಉತ್ತರಿಸಿದರು. ಉಳಿದ ಸಿಬ್ಬಂದಿಯನ್ನು ಹೇಗೆ ಸಿದ್ಧಗೊಳಿಸಬೇಕು? ಶೌಚಾಲಯ, ವಸತಿಯ ವಿಷಯದಲ್ಲಿ ಏನು ಮಾಡಬೇಕು?
(ಮೈಸೂರು)

ಉತ್ತರ: ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರ ಮೀಸಲಾತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು, ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ಲಿಂಗತ್ವ ಅಲ್ಪಸಂಖ್ಯಾತರಾದ ಮಂಜಮ್ಮ ಜೋಗತಿ ಅವರು ಕೆಲಸ ಮಾಡಿದ್ದನ್ನೂ ಕಂಡಿದ್ದೇವೆ. ಖಾಸಗಿ ವಲಯ ಹಿಂದುಳಿದಿದೆ. ಉತ್ತರಪ್ರದೇಶ ಮತ್ತು ಗುಜರಾತಿನ ಖಾಸಗಿ ಶಾಲೆಗಳು ತಮ್ಮನ್ನು ಹೊರಗಿಟ್ಟವೆಂದು ಲಿಂಗತ್ವ ಅಲ್ಪಸಂಖ್ಯಾತ ಶಿಕ್ಷಕಿಯೊಬ್ಬರು ತಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಪರಿಹಾರ ಕೊಡಿಸಬೇಕಾಗಿ ಬಂತು.

ಸಿಬ್ಬಂದಿಯನ್ನು ಸಿದ್ಧಗೊಳಿಸಲೆಂದು ಅವರು ಬರುವ ಮೊದಲು ಎಲ್ಲರನ್ನೂ ಸೇರಿಸಿ ಅವರ ಬಗ್ಗೆ ಭಾಷಣ ಮಾಡಬೇಡಿ. ಹಾಗೆ ಮಾಡಿದರೆ ಮೊದಲ ದಿನವೇ ಅವರು ನೋಡುವ ವಸ್ತುವಾಗುತ್ತಾರೆ. ವಿಭಾಗದ ಮುಖ್ಯಸ್ಥರಿಗೆ, ಪಾಳಿಯ ಮೇಲ್ವಿಚಾರಕರಿಗೆ, ಕಾವಲುಗಾರರಿಗೆ ಪ್ರತ್ಯೇಕವಾಗಿ ಹೇಳಿ: ಯಾವ ಹೆಸರಿನಿಂದ ಕರೆಯಬೇಕು, ದೇಹದ ಬಗೆಗಿನ ಪ್ರಶ್ನೆಗಳನ್ನು ಕೇಳಕೂಡದು, ಅತಿಥಿಯೊಬ್ಬರು ಅಸಭ್ಯವಾಗಿ ನಡೆದುಕೊಂಡರೆ ಸಂಸ್ಥೆ ಸಿಬ್ಬಂದಿಯ ಪರವಾಗಿ ನಿಲ್ಲುತ್ತದೆ. ಈ ಮೂರನೆಯದನ್ನು ನೀವು ಖಂಡಿತವಾಗಿ ಒಪ್ಪಲಾರಿರಾದರೆ ಸ್ವಾಗತ ವಿಭಾಗಕ್ಕೆ ಸೇರಿಸುವ ಮುನ್ನ ಇನ್ನೊಮ್ಮೆ ಯೋಚಿಸಿ, ಏಕೆಂದರೆ ಅಲ್ಲಿ ಅಂಥ ಅತಿಥಿ ಬಂದೇ ಬರುತ್ತಾನೆ. ಶೌಚಾಲಯ, ಸಮವಸ್ತ್ರಗಳ ಬಗ್ಗೆ ಅವರನ್ನೇ ಕೇಳಿ. ಒಬ್ಬರೇ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಶೌಚಾಲಯವನ್ನು ಎಲ್ಲ ಸಿಬ್ಬಂದಿಗೂ ತೆರೆದಿಟ್ಟರೆ ಹೆಚ್ಚಿನ ತೊಡಕು ಉಳಿಯದು. ವಸತಿ ಮುಖ್ಯ: ಊರಿನಲ್ಲಿ ಅವರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ, ಸಿಕ್ಕರೂ ಬಾಡಿಗೆ ಹೆಚ್ಚು. ಹೋಟೆಲಿನ ಸಿಬ್ಬಂದಿ ಕೊಠಡಿಗಳಲ್ಲಿ ಪ್ರತ್ಯೇಕ ಕೋಣೆ ಕೊಡಲಾಗದಿದ್ದರೆ ಮನೆ ಮಾಲೀಕರೊಂದಿಗೆ ಸಂಸ್ಥೆಯ ಹೆಸರಿನಲ್ಲಿ ಕರಾರು ಮಾಡಿಕೊಡಿ. ಇನ್ನು ದಾಖಲೆ: ಪಿಎಫ್ ಖಾತೆಯ ಹೆಸರು ಆಧಾರ್‌ಗೆ ಹೊಂದಬೇಕಾದ್ದರಿಂದ ಅಲ್ಲಿ ಹಳೆಯ ಹೆಸರು ಇರಬೇಕಾಗಿ ಬಂದೀತು, ಆದರೆ ಎದೆಯ ಮೇಲಿನ ಬಿಲ್ಲೆ, ಪಾಳಿಯ ಪಟ್ಟಿ, ಇಮೇಲ್ ವಿಳಾಸಗಳಲ್ಲಿ ಅವರು ಬಳಸುವ ಹೆಸರನ್ನೇ ಹಾಕಲು ಯಾವ ಅಡ್ಡಿಯೂ ಇಲ್ಲ. ಹಳೆಯ ಹೆಸರಿರುವ ಕಡತ ಲೆಕ್ಕಪತ್ರ ವಿಭಾಗದ ಒಬ್ಬರ ಬಳಿ ಮಾತ್ರ ಇರಲಿ.